ವಾಡಿ ಔಟರ್‌ನಲ್ಲಿ ನಿಂತ ಪ್ಯಾಕೆಟ್

ಸೇಡಂ, ಚಿತ್ತಾಪುರದ ಕಡೆಯಿಂದ ಕಲಬುರಗಿಗೆ ರೈಲಿನಲ್ಲಿ ಬರುವವರಿಗೆ ವಾಡಿ ಔಟರ್ ಹೊಸದಲ್ಲ. ಸಿಕಂದರಾಬಾದ್ ಮಾರ್ಗ ಬಂದು ಮುಂಬೈ–ಚೆನ್ನೈ ಮಾರ್ಗಕ್ಕೆ ಕೂಡುವ ಜಂಕ್ಷನ್ ಅದು. ಸಿಮೆಂಟಿನ ಗೂಡ್ಸ್ ಗಾಡಿಯನ್ನು ನಿಲ್ಲಿಸಿ, ಎಕ್ಸ್‌ಪ್ರೆಸ್‌ನ್ನು ಮೊದಲು ಶಹಾಬಾದ್ ಕಡೆ ಬಿಡ್ತಾರೆ. ಗೂಡ್ಸ್ ರದ್ದಾಗುವುದಿಲ್ಲ, ತಡ ಆಗ್ತದ ಅಷ್ಟೇ. ಸರ್ವರ್‌ನಲ್ಲಿ ಟ್ರಾಫಿಕ್ ಶೇಪಿಂಗ್ ಮಾಡುವ ಕೆಲಸವೂ ಇದೇ.

ನಾನಿದನ್ನು ಕಲಿತದ್ದು ತಪ್ಪು ಮಾಡಿ. ಒಂದು ಲ್ಯಾಬಿನ ಸರ್ವರ್ ನೋಡಿಕೊಳ್ಳುತ್ತಿದ್ದೆ. ಲೈನ್ 100 ಮೆಗಾಬಿಟ್. ಮಧ್ಯಾಹ್ನವೇ 40 ಜಿಬಿ ಬ್ಯಾಕಪ್ ಹೊರಗಿನ ಯಂತ್ರಕ್ಕೆ ಕಳಿಸಲು ಹಚ್ಚಿದೆ. ಅವತ್ತೇ ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ. ಚಿಂಚೋಳಿಯ ಜೂನಿಯರ್ ಒಬ್ಬ ಬಂದ: “ಅಣ್ಣಾ, ಆದಾಯ ಪ್ರಮಾಣಪತ್ರ ಅಪ್‌ಲೋಡೇ ಆಗವಲ್ದು. ಬರೇ ತಿರಗ್ಲಿಕತ್ತದ.”

ಲಿನಕ್ಸ್‌ನಲ್ಲಿ ಇದಕ್ಕೆ ‘ಟಿಸಿ’ ಎಂಬ ಕಮಾಂಡ್ ಇದೆ. ಅದರ ಟಿಬಿಎಫ್ ವಿಧಾನ ಸರಳ. ಒಂದು ಬಕೆಟ್‌ಗೆ ನಿಗದಿತ ವೇಗದಲ್ಲಿ ಟೋಕನ್ ಬೀಳುತ್ತಿರುತ್ತವೆ. ಟೋಕನ್ ಇದ್ದರೆ ಪ್ಯಾಕೆಟ್ ಹೊರಡುತ್ತದೆ, ಇಲ್ಲದಿದ್ದರೆ ಸಾಲಿನಲ್ಲಿ ಕಾಯುತ್ತದೆ. ಸಾಲೂ ತುಂಬಿದರೆ ಪ್ಯಾಕೆಟ್ ಬಿದ್ದುಹೋಗುತ್ತದೆ. ಅದನ್ನು ಗಮನಿಸಿ ಟಿಸಿಪಿ ತಾನೇ ವೇಗ ಇಳಿಸುತ್ತದೆ.

ಗಡಿಬಿಡಿಯಲ್ಲಿ ಮಿತಿ ಹಾಕಿದೆ: ‘20 ಎಂಬಿಪಿಎಸ್’. ಏನೂ ಬದಲಾಗಲಿಲ್ಲ! ಯಾಕಂದ್ರ ಟಿಸಿಯ ಭಾಷೆಯಲ್ಲಿ ‘ಎಂಬಿಪಿಎಸ್’ ಅಂದರೆ ಸೆಕೆಂಡಿಗೆ ಮೆಗಾಬೈಟ್. 20ನ್ನು 8ರಿಂದ ಗುಣಿಸಿದರೆ 160 ಮೆಗಾಬಿಟ್. ಲೈನೇ 100 ಇರುವಾಗ 160ರ ಮಿತಿ ಇದ್ದರೇನು, ಬಿಟ್ಟರೇನು? ಬರೆಯಬೇಕಾದದ್ದು ‘20 ಎಂಬಿಟ್’. ಕೊನೆಗೆ ಬ್ಯಾಕಪ್‌ನ್ನೇ ಕೊಂದೆ. ಹುಡುಗನ ಅರ್ಜಿ ಹೋಯಿತು, ನನ್ನ ಮುಖ ಮಾತ್ರ ಸಣ್ಣದಾಯಿತು.

ಆದರೆ ಟಿಬಿಎಫ್ ಹಾಕಿದರೆ ಸರ್ವರ್‌ನ ವೆಬ್‌ಸೈಟೂ ನಿಧಾನ ಆಗ್ತದ, ಅದಕ್ಕೆ ಗೂಡ್ಸ್–ಎಕ್ಸ್‌ಪ್ರೆಸ್ ಭೇದ ಗೊತ್ತಿಲ್ಲ. ಆ ಭೇದ ಬೇಕಾದರೆ ಎಚ್‌ಟಿಬಿ. ಅದರಲ್ಲಿ ಕ್ಲಾಸ್‌ಗಳಿರುತ್ತವೆ, ಪ್ರತಿ ಕ್ಲಾಸಿಗೆ ‘ರೇಟ್’ ಅಂದರೆ ಖಾತ್ರಿಯ ಪಾಲು, ‘ಸೀಲ್’ ಅಂದರೆ ಖಾಲಿ ಇದ್ದಾಗ ಸಾಲ ತೆಗೆದುಕೊಂಡು ಮುಟ್ಟಬಹುದಾದ ಗರಿಷ್ಠ. ಬ್ಯಾಕಪ್ ಹೋಗುವ ಐಪಿ ವಿಳಾಸವನ್ನು ಫಿಲ್ಟರ್‌ನಿಂದ ಬೇರ್ಪಡಿಸಿ ಒಂದು ಕ್ಲಾಸಿಗೆ, ಉಳಿದದ್ದೆಲ್ಲ ಡೀಫಾಲ್ಟ್ ಕ್ಲಾಸಿಗೆ.

ಬ್ಯಾಕಪ್‌ನ ಸೀಲ್‌ನ್ನು 90ಕ್ಕೆ ಬಿಡುವ ಆಸೆ ಆಗ್ತದ. ಹಗಲಲ್ಲಿ ಬೇಡ್ರಿ. ಪಕ್ಕದ ಲ್ಯಾಬಿನ ಹುಡುಗನಿಗೂ ಅದೇ ಲೈನ್ ಬೇಕು ಅನ್ನೋದು ಈ ಸರ್ವರ್‌ಗೆ ಕಾಣುವುದಿಲ್ಲ. ತನ್ನ ಕ್ಲಾಸ್‌ಗಳು ಖಾಲಿ ಇದ್ದರೆ ಲೈನೇ ಖಾಲಿ ಅಂದುಕೊಳ್ಳುತ್ತದೆ. ರೇಟ್, ಸೀಲ್ ಎರಡೂ 20 ಇಟ್ಟರೆ 40 ಜಿಬಿ ಹೋಗಲು ಸುಮಾರು ನಾಲ್ಕೂವರೆ ತಾಸು. ಪೂರ್ತಿ 100 ಸಿಕ್ಕರೆ ತಾಸಿನೊಳಗೇ ಮುಗಿಯುತ್ತಿತ್ತು. ಹೋಗ್ಲಿ ಬಿಡ್ರಿ, ಬ್ಯಾಕಪ್‌ಗೇನು ಕೊನೆಯ ದಿನಾಂಕ ಇದೆಯೇ?

ಇನ್ನೊಂದು ಮಾತು. ಶೇಪಿಂಗ್ ನಡೆಯುವುದು ಹೊರಹೋಗುವ ಪ್ಯಾಕೆಟ್‌ಗಳ ಮೇಲೆ. ಬರುವುದನ್ನು ತಡೆಯಬೇಕಾದರೆ ಐಎಫ್‌ಬಿ ಎಂಬ ಕಾಲ್ಪನಿಕ ಇಂಟರ್‌ಫೇಸ್‌ಗೆ ತಿರುಗಿಸಬೇಕು. ಅದು ಬೇರೆಯದೇ ಪಾಠ.

ನಿಯಮ ಹಾಕಿದ ಮೇಲೆ ಟಿಸಿಗೆ ‘ಎಸ್’ ಆಯ್ಕೆ ಕೊಟ್ಟು ಲೆಕ್ಕ ನೋಡಿ. ಬ್ಯಾಕಪ್ ಕ್ಲಾಸಿನ ಬೈಟ್ ಸಂಖ್ಯೆ ಏರದಿದ್ದರೆ ಫಿಲ್ಟರ್ ತಪ್ಪಿದೆ ಅಂತ ಅರ್ಥ. ರೀಬೂಟ್ ಆದರೆ ಎಲ್ಲ ನಿಯಮ ಅಳಿಸಿಹೋಗ್ತಾವ, ಸಿಸ್ಟಂಡಿ ಸರ್ವಿಸ್‌ನಲ್ಲಿ ಬರೆದಿಡಿ. ಎಂಬಿಟ್ ಅಂತ.