ತಾಳಕ್ಕೆ ಮುಂಚೆ ಬಂದ ಸದ್ದು

"ತಾಳ ಬೀಳಾಕ್ ಮುಂಚೇನೇ ಸುಯ್ ಅಂತದಲ್ಲಪ್ಪ, ಇದ್ಯಾವ ಕಂಸಾಳೆ?" ಎಂದು ಮಾದೇಶ್ವರನ ಕಥೆ ಹಾಡುವ ಹಿರಿಯ ದೇವರಗುಡ್ಡರೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬಂಡಳ್ಳಿಯ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದೆವು. ಮೂವತ್ತು ವರ್ಷದ ಹಿಂದೆ ಇದೇ ಜಗಲಿಯಲ್ಲಿ ರಾತ್ರಿಯೆಲ್ಲ ಅವರು ಹಾಡಿದ್ದ, ಆ ಕಥೆಯ ಸಂಕಮ್ಮನ ಸಾಲನ್ನು ಫೋನಿನಲ್ಲಿ ಅವರಿಗೇ ಕೇಳಿಸುತ್ತಿದ್ದೆ. ತಮ್ಮ ದನಿ ಗುರುತಿಸಿದರು, ಪಕ್ಕದಲ್ಲಿ ತಂಬೂರಿ ಹಿಡಿದಿದ್ದವರನ್ನು ನೆನೆದು ಕಣ್ಣೊರೆಸಿಕೊಂಡರು. ತಮ್ಮ ಕೈಯ ಕಂಚಿನ ತಾಳದ, ಕಂಸಾಳೆಯ, ಗುರುತು ಮಾತ್ರ ಅವರಿಗೆ ಹತ್ತಲಿಲ್ಲ. "ಕಂಚಿನಂಗಿಲ್ಲ, ನೀರಲ್ಲಿ ಅದ್ದಿದ ತಗಡಿನಂಗದೆ" ಅಂದರು.

ಆ ತಪ್ಪು ನನ್ನದು. ಮನೆಯಲ್ಲಿ ಮಾದೇಶ್ವರನ ಕಥೆ ಮಾಡಿಸಿದಾಗಲೆಲ್ಲ ಅಪ್ಪ ಟೂ ಇನ್ ಒನ್ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿದ್ದ ಕ್ಯಾಸೆಟ್ಟುಗಳು 42. ಒಂದೊಂದೂ 60 ನಿಮಿಷದ್ದು. 2006ರಲ್ಲಿ ಮನೆಗೆ ಕಂಪ್ಯೂಟರ್ ಬಂದಾಗ ಎಲ್ಲವನ್ನೂ ಎಂಪಿ3 ಮಾಡಿದೆ. ಸಿ.ಡಿ. ಗುಣಮಟ್ಟದಲ್ಲಿ ಒಂದು ಕ್ಯಾಸೆಟ್ಟಿಗೆ ಸುಮಾರು 635 ಎಂಬಿ ಬೇಕು. ಸೆಕೆಂಡಿಗೆ 128 ಕಿಲೋಬಿಟ್ಟಿನ ಎಂಪಿ3ಗೆ 58 ಎಂಬಿ ಸಾಕು. ಹನ್ನೊಂದರಲ್ಲೊಂದು ಪಾಲು! ಸಣ್ಣ ಸ್ಪೀಕರಿನಲ್ಲಿ ಕೇಳಿದೆ, ಚೆನ್ನಾಗಿಯೇ ಇದೆ ಅನ್ನಿಸಿತು. ಬೂಸಲು ಹಿಡಿದಿದ್ದ 11 ಕ್ಯಾಸೆಟ್ಟುಗಳನ್ನು ಇನ್ನೇಕೆ ಎಂದು ಎಸೆದೆ.

ಹಿರಿಯರು ಆ ಮಾತು ಹೇಳಿದ ಮೇಲೆ ನಾನು ಓದಲು ಕೂತೆ. ಅವರ ಕಿವಿ ಹಿಡಿದದ್ದು ಎಂಪಿ3ಯ ಪ್ರಸಿದ್ಧ ದೋಷವನ್ನೇ. ಎಂಪಿ3 ಧ್ವನಿಯನ್ನು ತುಂಡು ತುಂಡಾಗಿ ತೆಗೆದುಕೊಂಡು, ಪ್ರತಿ ತುಂಡಿನಲ್ಲಿ ಯಾವ ಸ್ವರ ಎಷ್ಟಿದೆ ಎಂದು ಅಳೆದು, ಕಿವಿಗೆ ಬೇಡವಾದದ್ದನ್ನು ಒರಟಾಗಿ ಬರೆದಿಡುತ್ತದೆ. ಉದ್ದದ ತುಂಡೆಂದರೆ 1152 ಮಾದರಿ (ಸ್ಯಾಂಪಲ್), ಸುಮಾರು 26 ಮಿಲಿಸೆಕೆಂಡು. ಒರಟಾಗಿ ಬರೆದದ್ದರಿಂದ ಹುಟ್ಟುವ ಕೊಸರು ಸದ್ದು ಇಡೀ ತುಂಡಿಗೆ ಹರಡಿಕೊಳ್ಳುತ್ತದೆ. ತುಂಡಿನ ಕೊನೆಯಲ್ಲಿ ಕಂಸಾಳೆಯ ಹೊಡೆತ ಬಿದ್ದರೆ, ಅದರ ಕೊಸರು ಹೊಡೆತಕ್ಕೆ ಮುಂಚಿನ ಮೌನದಲ್ಲೂ ಕೇಳುತ್ತದೆ. ಜೋರು ಸದ್ದಿನ ನಂತರ ಬಂದ ಸಣ್ಣ ಸದ್ದನ್ನು ಕಿವಿ ನೂರು ಮಿಲಿಸೆಕೆಂಡಿನಷ್ಟು ಹೊತ್ತು ಗಮನಿಸದೆ ಬಿಡಬಲ್ಲದು. ಮುಂಚೆ ಬಂದದ್ದನ್ನು ಕೆಲವೇ ಮಿಲಿಸೆಕೆಂಡು. ಹಿರಿಯರು "ಸುಯ್" ಅಂದದ್ದು ಅದಕ್ಕೆ.

ಹೊಡೆತ ಬಂದಾಗ ಎಂಪಿ3 ಮಾಡುವ ಎನ್‌ಕೋಡರ್ ಚಿಕ್ಕ ತುಂಡುಗಳಿಗೆ ಬದಲಾಗಬಹುದು. ಆದರೆ ನಮ್ಮ ಕಥೆಯಲ್ಲಿ ತಂಬೂರಿ ನಿಲ್ಲುವುದೇ ಇಲ್ಲ. ಎಡೆಬಿಡದೆ ಮಿಡಿಯುವ ತಂತಿಯ ಶ್ರುತಿಯನ್ನು ಸರಿಯಾಗಿ ಬರೆಯಲು ಉದ್ದದ ತುಂಡು ಬೇಕು, ಕಂಚಿನ ಹೊಡೆತಕ್ಕೆ ಚಿಕ್ಕದು ಬೇಕು. ಎರಡೂ ಒಂದೇ ಕ್ಷಣದಲ್ಲಿ ಬಂದಾಗ 128 ಕಿಲೋಬಿಟ್ಟಿನ ಬಡತನದಲ್ಲಿ ಯಾವುದಾದರೊಂದು ಕೆಡಲೇಬೇಕು. ಈ ದೋಷವನ್ನು ಪರೀಕ್ಷಿಸಲು ಪರಿಣತರು ಸ್ಪೇನಿನ ಕ್ಯಾಸ್ಟನೆಟ್ ಎಂಬ ಕೈಚಿಟಿಕೆಯ ಧ್ವನಿ ಬಳಸುತ್ತಾರೆ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಜೊತೆಗೆ ತಂಬೂರಿ ಇರುವ ನಮ್ಮ ದೇವರಗುಡ್ಡರ ಮೇಳ ಅದಕ್ಕಿಂತ ಕಠಿಣ ಪರೀಕ್ಷೆ ಎಂಬುದು ನನ್ನ ಅಭಿಪ್ರಾಯ.

ಉಳಿದ 31 ಕ್ಯಾಸೆಟ್ಟುಗಳನ್ನು 2019ರಲ್ಲಿ ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಮೂಲವನ್ನು ಏನನ್ನೂ ಕಳೆಯದ ಫ್ಲ್ಯಾಕ್‌ನಲ್ಲಿ ಇಟ್ಟೆ. ಹಂಚುವ ಪ್ರತಿಗೆ ಯಾವ ಫಾರ್ಮ್ಯಾಟು ಸರಿ ಎಂದು ತಿಳಿಯಲು ಮಗಳನ್ನು ಕೂರಿಸಿಕೊಂಡೆ. ಮೂಲ ಯಾವುದು, ಕಿರಿದು ಮಾಡಿದ್ದು ಯಾವುದು ಎಂದು ಹೇಳದೆ ಅವಳು ಕೇಳಿಸಬೇಕು, ನಾನು ಗುರುತಿಸಬೇಕು. ಒಂದೊಂದಕ್ಕೂ 16 ಸಲ. ಬರೀ ಊಹೆಯಿಂದ 12 ಅಥವಾ ಹೆಚ್ಚು ಸಲ ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ನನ್ನ ಹಳೆಯ ಎಂಪಿ3ಯನ್ನು 16ಕ್ಕೆ 16 ಸಲವೂ ಹಿಡಿದೆ. ಸಿನಿಮಾ ಹಾಡೊಂದನ್ನು ಅದೇ 128ರಲ್ಲಿ ಕೊಟ್ಟಾಗ 9 ಮಾತ್ರ. ಸಿನಿಮಾ ಹಾಡು ಕೇಳಿ ತೀರ್ಮಾನಿಸಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ. ಲೇಮ್ ಎಂಬ ಎನ್‌ಕೋಡರಿನಲ್ಲಿ, ಅಗತ್ಯಕ್ಕೆ ತಕ್ಕಂತೆ ಬಿಟ್ ಹೆಚ್ಚು ಕಡಿಮೆ ಮಾಡುವ ವಿ2 ಮಟ್ಟದಲ್ಲಿ ಮಾಡಿದ ಎಂಪಿ3 ನನಗೆ 11 ಸಲ ಸಿಕ್ಕಿತು. 2012ರಲ್ಲಿ ಬಂದ ಓಪಸ್ ಎಂಬ ಫಾರ್ಮ್ಯಾಟು, 128ರಲ್ಲೇ, ಬರೀ 8. ಅಂದರೆ ನಾಣ್ಯ ಚಿಮ್ಮಿದಂತೆ. ಎಎಸಿ ಎಂಬ ಇನ್ನೊಂದು ಫಾರ್ಮ್ಯಾಟು ಇವೆರಡರ ನಡುವೆ ನಿಂತಿತು.

ನನಗೆ ಹೆಚ್ಚು ಕಲಿಸಿದ್ದು ಇನ್ನೊಂದು ಸಂಗತಿ. ಅಪ್ಪನ ಟೇಪ್ ರೆಕಾರ್ಡರಿಗೆ ಇದ್ದದ್ದು ಒಂದೇ ಮೈಕು, ಧ್ವನಿಯೂ ಒಂದೇ. ನಾನು 2006ರಲ್ಲಿ ಅದನ್ನು ಸ್ಟೀರಿಯೋ ಎಂದು ಬರೆಸಿದ್ದೆ. ಎಡಗಡೆಯ ಟೇಪಿನ ಸುಯ್ಲಿಗೂ ಬಲಗಡೆಯ ಸುಯ್ಲಿಗೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವನ್ನು ನಿಷ್ಠೆಯಿಂದ ಬರೆಯುವುದರಲ್ಲೇ ಎಂಪಿ3 ಬಿಟ್ಟುಗಳನ್ನು ಖರ್ಚು ಮಾಡಿತ್ತು. ಕಂಚಿಗೆ ಉಳಿದದ್ದು ಕಡಿಮೆ. ಈ ಸಲ ಶುಚಿಯಾದ ಒಂದು ಬದಿಯನ್ನಷ್ಟೇ ಆರಿಸಿ ಮೋನೋ ಮಾಡಿದೆ. ಎರಡನ್ನೂ ಕೂಡಿಸಬಾರದು: ಟೇಪಿನ ಹೆಡ್ ಒಂದಿಷ್ಟು ವಾರೆಯಾಗಿದ್ದರೂ ಎತ್ತರದ ಸ್ವರಗಳು ಒಂದನ್ನೊಂದು ಕಳೆದುಬಿಡುತ್ತವೆ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಕಂಸಾಳೆ ಅತ್ಯಂತ ಸ್ಪಷ್ಟವಾಗಿ ಕೇಳುವ ಕಡೆ ನಿಲ್ಲಿಸಿದಾಗ ಸಿಕ್ಕ ಸುಧಾರಣೆಯನ್ನು ಯಾವ ಫಾರ್ಮ್ಯಾಟೂ ಕೊಡಲಿಲ್ಲ.

ಈಗ ಊರಿನವರ ಫೋನುಗಳಿಗೆ ಓಪಸ್ ಕೊಡುತ್ತೇನೆ. ಟ್ರ್ಯಾಕ್ಟರು, ಟೆಂಪೋಗಳ ಪ್ಲೇಯರಿಗೆ ಅದು ಹತ್ತುವುದಿಲ್ಲ, ಪೆನ್ ಡ್ರೈವಿಗೆ ಎಂಪಿ3ಯೇ ಬೇಕು, ಅದಕ್ಕೆ ವಿ2. ಎರಡನ್ನೂ ಫ್ಲ್ಯಾಕ್‌ನಿಂದಲೇ ಮಾಡುತ್ತೇನೆ, ಒಂದರಿಂದ ಇನ್ನೊಂದನ್ನಲ್ಲ. ಎಸೆದ 11 ಕ್ಯಾಸೆಟ್ಟುಗಳ ಎಂಪಿ3ಯನ್ನು 320ಕ್ಕೆ ಏರಿಸಿಯೂ ನೋಡಿದೆ. ಫೈಲು ದಪ್ಪವಾಯಿತು, ಕಂಚು ಮರಳಿ ಬರಲಿಲ್ಲ. ಎಸೆದ ಆ ಕ್ಯಾಸೆಟ್ಟುಗಳಲ್ಲಿ ಜುಂಜೇಗೌಡನ ಸಾಲು ಪೂರ್ತಿಯಾಗಿತ್ತು.

ಮಾದೇಶ್ವರ ಕಾವ್ಯದ ಪದಗಳನ್ನು ಪಿ.ಕೆ. ರಾಜಶೇಖರ ಅವರು 1973ರಲ್ಲೇ ಅಚ್ಚಿಗೆ ತಂದಿದ್ದಾರೆ. ಆದರೆ ನಮ್ಮ ಊರಿನ ಒಬ್ಬೊಬ್ಬ ಗುಡ್ಡನ ಕೈಯ ತಾಳ ಇರುವುದು ಮನೆಮನೆಯ ಟೇಪುಗಳಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಿಮ್ಮ ಅಟ್ಟದ ಮೇಲೆ ಮಾದಪ್ಪನದೋ ಸಿದ್ದಪ್ಪಾಜಿಯದೋ ಕಥೆಯ ಕ್ಯಾಸೆಟ್ಟಿದ್ದರೆ ಮೊದಲು ಫ್ಲ್ಯಾಕ್ ಮಾಡಿ ಎರಡು ಕಡೆ ಇಡಿ. ಅದಾದ ಮೇಲೂ, ಬೂಸಲು ಹಿಡಿದಿದ್ದರೂ, ಕ್ಯಾಸೆಟ್ಟನ್ನು ದಯವಿಟ್ಟು ಎಸೆಯಬೇಡಿ.