ಕಂಪವಾತವುಳ್ಳವರ ರಾತ್ರಿ

ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜೆಗೆ ಕುಳಿತ ಹಿರಿಯರ ಕೈ ನಡುಗುವುದನ್ನು ಎಲ್ಲರೂ ಕಾಣುತ್ತಾರೆ. ಅವರ ರಾತ್ರಿಯನ್ನು ಕಾಣುವವರು ಮನೆಯವರು ಮಾತ್ರ. ಆಯುರ್ವೇದವು ಕಂಪವಾತವೆಂದೂ ಆಧುನಿಕ ವೈದ್ಯಶಾಸ್ತ್ರವು ಪಾರ್ಕಿನ್‌ಸನ್ ರೋಗವೆಂದೂ ಹೇಳುವ ಈ ಬಾಧೆಯಲ್ಲಿ, ನಿದ್ರೆ ಹತ್ತಿದರೆ ನಡುಕವು ಬಹುಮಟ್ಟಿಗೆ ಅಡಗುತ್ತದೆ. ನಿದ್ರೆ ಹತ್ತುವುದೇ ಕಷ್ಟ, ಹತ್ತಿದ್ದು ಉಳಿಯುವುದು ಇನ್ನೂ ಕಷ್ಟ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಈ ರೋಗವನ್ನು ಕುರಿತು ಬರೆದ ಪ್ರಬಂಧದಲ್ಲಿಯೇ ನಿದ್ರಾಭಂಗದ ಪ್ರಸ್ತಾಪವಿದೆ. ಆದುದರಿಂದ ‘ವಯಸ್ಸಾಯಿತು’ ಎಂದು ಕೈಚೆಲ್ಲುವುದೂ ‘ಸುಮ್ಮಸುಮ್ಮನೆ ಎಬ್ಬಿಸುತ್ತಾರೆ’ ಎಂದು ಗದರುವುದೂ ಸಲ್ಲದು.

ಆರೋಗ್ಯವಂತರು ರಾತ್ರಿಯಲ್ಲಿ ತಮಗರಿವಿಲ್ಲದೆಯೇ ಹಲವು ಸಲ ಮಗ್ಗುಲು ಬದಲಿಸುತ್ತಾರೆ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೊರತೆಯುಂಟಾದವರಿಗೆ ಈ ಸಹಜ ಚಲನೆಯೇ ದುಸ್ಸಾಧ್ಯವಾಗುತ್ತದೆ. ಸಂಜೆ ಸೇವಿಸಿದ ಔಷಧದ ಬಲ ನಡುರಾತ್ರಿಗೆ ಕುಂದಿದಾಗ ಮೈ ಮರಗಟ್ಟಿ, ಬಿದ್ದ ಮಗ್ಗುಲಲ್ಲೇ ಎಚ್ಚರವಾಗಿ ಬೆಳಗನ್ನು ಕಾಯಬೇಕಾಗುತ್ತದೆ. ನಿದ್ರೆಯ ಗುಳಿಗೆಯು ಅವರನ್ನು ಹೊರಳಿಸಲಾರದು. ಅಮಲು, ಬುದ್ಧಿಯ ಗೊಂದಲ ಮತ್ತು ಕತ್ತಲಲ್ಲಿ ಬೀಳುವ ಅಪಾಯಗಳನ್ನು ಮಾತ್ರ ಹೆಚ್ಚಿಸೀತು.

ಮೊದಲು ಹಾಸಿಗೆಯನ್ನು ಸರಿಪಡಿಸಬೇಕು. ನಮ್ಮ ಜಿಲ್ಲೆಯ ಮನೆಗಳಲ್ಲಿ ಕಂಬಳಿಯಿಲ್ಲದ ಹಾಸಿಗೆ ಅಪರೂಪ. ಚಳ್ಳಕೆರೆಯ ಕಂಬಳಿಯ ಹೆಸರನ್ನು ಕೇಳದವರಿಲ್ಲ. ಆದರೆ ಕಂಬಳಿಯ ಒರಟು ಉಣ್ಣೆ ಮೈಬಟ್ಟೆಯನ್ನು ಹಿಡಿದಿಡುತ್ತದೆ, ಅದರ ಭಾರ ಕಾಲನ್ನು ಅದುಮುತ್ತದೆ. ಹತ್ತಿಯ ತುಂಬುದಿಂಬಿನಂಥ ಹಾಸಿಗೆಯಲ್ಲಿಯೂ ಮೈ ಹೂತುಹೋಗುತ್ತದೆ. ಗಟ್ಟಿಯಾದ ಹಾಸಿಗೆಯ ಮೇಲೆ, ಬೆನ್ನಿನ ಮಧ್ಯದಿಂದ ತೊಡೆಯವರೆಗೆ, ಹಳೆಯ ನಯವಾದ ರೇಷ್ಮೆ ಸೀರೆಯೊಂದನ್ನು ಮಡಿಚಿ ಬಿಗಿಯಾಗಿ ಸಿಕ್ಕಿಸಿದರೆ ಸೊಂಟ ಸುಲಭವಾಗಿ ಜಾರುತ್ತದೆ. ಹಿಮ್ಮಡಿಯಿಡುವ ಕಡೆ ಮಾತ್ರ ಸಾಧಾರಣ ಹತ್ತಿಯ ಬಟ್ಟೆಯೇ ಇರಲಿ. ಅಲ್ಲಿ ಹಿಡಿತ ಬೇಕು. ಹೊದಿಕೆ ಹಗುರವಾಗಿರಲಿ. ನೆಲದ ಮೇಲಿನ ಚಾಪೆಯಿಂದ ಏಳುವುದು ಇವರಿಗೆ ಶಿಕ್ಷೆಯೇ ಸರಿ, ಆದ್ದರಿಂದ ಮೊಣಕಾಲಿನೆತ್ತರದ ಮಂಚ ಮೇಲು.

ಹೊರಳುವುದನ್ನೂ ಕಲಿಯಬೇಕು. ಅಂಗಾತ ಮಲಗಿ, ಎರಡೂ ಮೊಣಕಾಲುಗಳನ್ನು ಮಡಿಚಿ ಪಾದಗಳನ್ನು ಊರಬೇಕು. ಹೊರಳಬೇಕಾದ ಕಡೆಗೆ ತಲೆಯನ್ನು ತಿರುಗಿಸಿ, ಆಚೆಯ ಕೈಯನ್ನು ಎದೆಯ ಮೇಲಿನಿಂದ ಮಂಚದ ಅಂಚಿಗೆ ಚಾಚಿ, ಮಡಿಚಿದ ಮೊಣಕಾಲುಗಳನ್ನು ಅದೇ ಕಡೆಗೆ ಬೀಳಬಿಡಬೇಕು. ಸೊಂಟವೂ ಭುಜವೂ ತಾವಾಗಿಯೇ ಹಿಂಬಾಲಿಸುತ್ತವೆ. ಏಳುವಾಗ ಹೀಗೆ ಹೊರಳಿದ ಮೇಲೆ ಕಾಲುಗಳನ್ನು ಕೆಳಗಿಳಿಸಿ, ಮೊಣಕೈಯೂರಿ ಕುಳಿತುಕೊಳ್ಳಬೇಕು. ಹಗಲಿನಲ್ಲಿ ಮನೆಯವರೊಡನೆ ಅಭ್ಯಾಸ ಮಾಡಿದ್ದರೆ ಮಾತ್ರ ಇದು ರಾತ್ರಿ ನೆನಪಿಗೆ ಬರುತ್ತದೆ.

ಮೂತ್ರಕ್ಕಾಗಿ ಪದೇಪದೇ ಏಳುವುದು ಇನ್ನೊಂದು ಕಾಟ. ರಾತ್ರಿಯೂಟದ ಅನಂತರ ಚೊಂಬು ಮಜ್ಜಿಗೆ ಕುಡಿಯುವ ರೂಢಿಯನ್ನು ಬಿಡಬೇಕು. ಹಗಲಿನಲ್ಲಿ ಮಾತ್ರ ನೀರನ್ನು ಕಡಿಮೆ ಮಾಡಬಾರದು, ಮಲಬದ್ಧತೆ ಹೆಚ್ಚುತ್ತದೆ. ಎದ್ದೊಡನೆ ರಕ್ತದೊತ್ತಡ ಇಳಿದು ತಲೆಸುತ್ತುವುದುಂಟು; ಒಂದೆರಡು ನಿಮಿಷ ಅಂಚಿನಲ್ಲಿ ಕುಳಿತೇ ನಿಲ್ಲಬೇಕು. ಕರೆಂಟು ಹೋಗುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲವಾದ್ದರಿಂದ ದಿಂಬಿನ ಬಳಿ ಟಾರ್ಚೊಂದಿರಲಿ.

ಕೆಲವರು ನಿದ್ರೆಯಲ್ಲಿ ಕೂಗುತ್ತಾರೆ, ಒದೆಯುತ್ತಾರೆ, ಕನಸಿನ ಕಳ್ಳನನ್ನು ಹೊಡೆಯಹೋಗಿ ಮಡದಿಯನ್ನೇ ಹೊಡೆಯುತ್ತಾರೆ. ಇದು ಗಾಳಿ ಸೋಕಿದ್ದಲ್ಲ. ಕನಸಿನ ಹೊತ್ತಿನಲ್ಲಿ ಸ್ನಾಯುಗಳನ್ನು ಸಡಿಲವಾಗಿಡುವ ಮಿದುಳಿನ ಏರ್ಪಾಡು ಕೆಟ್ಟಿರುವುದೇ ಕಾರಣ. ಹಲವರಲ್ಲಿ ಇದು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಹತ್ತಿರದಲ್ಲಿ ಗಾಜು, ಕಬ್ಬಿಣದ ಪೆಟ್ಟಿಗೆಗಳನ್ನು ಇಡಬಾರದು. ಮಂಚದ ಪಕ್ಕದ ನೆಲಕ್ಕೆ ಹಾಸಿಗೆ ಹಾಸಿಡಬೇಕು. ಸಂಗಾತಿ ಬೇರೆ ಮಲಗುವುದರಲ್ಲಿ ಸಂಕೋಚ ಬೇಡ. ವೈದ್ಯರಿಗೂ ತಿಳಿಸಬೇಕು.

ರಾತ್ರಿಯ ನಿದ್ರೆ ಹಗಲಿನಲ್ಲಿಯೇ ಸಿದ್ಧವಾಗುತ್ತದೆ. ಬೆಳಗಿನ ಪೂಜೆಯನ್ನು ಮುಗಿಸಿ ಅರ್ಧಗಂಟೆ ಎಳೆಬಿಸಿಲಿನಲ್ಲಿ ನಡೆದರೆ ದೇಹದ ಗಡಿಯಾರ ಸರಿಹೋಗುತ್ತದೆ. ನಿಯಮಿತ ವ್ಯಾಯಾಮದಿಂದ ಈ ರೋಗಿಗಳ ನಿದ್ರೆ ಸುಧಾರಿಸುವುದು ಅಧ್ಯಯನಗಳಲ್ಲಿಯೂ ಕಂಡುಬಂದಿದೆ. ಮಧ್ಯಾಹ್ನದ ನಿದ್ರೆ ಅರ್ಧಗಂಟೆಯನ್ನು ಮೀರದಿರಲಿ, ಸಂಜೆಯ ಚಹಾ ಬೇಡ. ದೂರದರ್ಶನದ ಎದುರು ತೂಕಡಿಸುವುದೇ ಎಷ್ಟೋ ಮನೆಗಳಲ್ಲಿ ರಾತ್ರಿಯನ್ನು ಕೆಡಿಸುತ್ತಿದೆ.

‘ಔಷಧವಿಲ್ಲದೆ’ ಎಂದರೆ ನಿದ್ರೆಯ ಗುಳಿಗೆಯಿಲ್ಲದೆ ಎಂದಷ್ಟೇ ಅರ್ಥ. ಕಂಪವಾತದ ಔಷಧವನ್ನು ಹಠಾತ್ತಾಗಿ ನಿಲ್ಲಿಸುವುದು ಪ್ರಾಣಾಪಾಯಕ್ಕೂ ದಾರಿಯಾದೀತು. ನಸುಗುನ್ನಿ ಬೀಜದಲ್ಲಿ ಸ್ವಾಭಾವಿಕವಾಗಿಯೇ ಲೆವೋಡೋಪಾ ಇರುವುದರಿಂದ, ಗುಳಿಗೆಯ ಜೊತೆಗೆ ಅದರ ಚೂರ್ಣವನ್ನೂ ತಾವಾಗಿಯೇ ಸೇವಿಸಿದರೆ ಪ್ರಮಾಣ ಮೀರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ನರರೋಗ ತಜ್ಞರನ್ನು ಕಾಣಲು ದಾವಣಗೆರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವವರು, ಎರಡು ವಾರಗಳ ಕಾಲ ಗುಳಿಗೆಯ ಹೊತ್ತು, ಮಲಗಿದ ಹೊತ್ತು, ಎಚ್ಚರವಾದ ಹೊತ್ತು ಮತ್ತು ಅದರ ಕಾರಣವನ್ನು ಬರೆದುಕೊಂಡು ಹೋದರೆ, ಔಷಧದ ವೇಳೆಯನ್ನು ಹೊಂದಿಸಲು ವೈದ್ಯರಿಗೆ ಅನುಕೂಲ.

ಕೊನೆಯದಾಗಿ, ರಾತ್ರಿಯೆಲ್ಲ ಎದ್ದಿರುವ ಸೊಸೆಯ ಅಥವಾ ಮಡದಿಯ ಮಾತು. ವಾರದಲ್ಲಿ ಎರಡು ರಾತ್ರಿಯಾದರೂ ಮಕ್ಕಳು, ಮೊಮ್ಮಕ್ಕಳು ಸರದಿಯಲ್ಲಿ ಆ ಕೋಣೆಯಲ್ಲಿ ಮಲಗಿ, ಆಕೆಯನ್ನು ಬೇರೆ ಕೋಣೆಗೆ ಕಳಿಸಬೇಕು.