ಬಯಲಿನಲ್ಲಿ ಒಂದು ಮರೆ

ನಮ್ಮಜ್ಜ ಶಿಕಾರಿ ಮಾಡುತ್ತಿದ್ದ ಕಾಲದಲ್ಲಿ ಎರೆಭೂತ ಹಕ್ಕಿಯ ಹತ್ತಿರ ಹೋಗಲು ಎತ್ತಿನ ಬಂಡಿಯೇ ಮರೆ. ಕಾಲ್ನಡಿಗೆಯಲ್ಲಿ ಬರುವವನನ್ನು ಅಷ್ಟು ದೂರದಿಂದಲೇ ಕಂಡು ಜಾಗ ಬಿಡುವ ಆ ಹಕ್ಕಿ, ಹೊಲದ ದಾರಿಯಲ್ಲಿ ಬಂಡಿ ಹೋದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿತ್ತಂತೆ. ಹಕ್ಕಿ ಹಿಡಿಯುವ ಪಾರ್ಧಿಗಳು ಪಳಗಿಸಿದ ದನದ ಪಕ್ಕಕ್ಕೆ ಅಂಟಿಕೊಂಡು ನಡೆಯುತ್ತಿದ್ದುದೂ ಇದೇ ಕಾರಣಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅಜ್ಜ ಬಂದೂಕು ಕೆಳಗಿಟ್ಟ. ಕೆಲವು ಪ್ರಾಣಿ-ಪಕ್ಷಿಗಳಿಗೆ ಉಳಿದಿದ್ದ ಪರವಾನಗಿ ಬೇಟೆಯನ್ನು 1991ರ ತಿದ್ದುಪಡಿ ನಿಲ್ಲಿಸಿತು. ನನ್ನ ಕೈಗೆ ಬಂದದ್ದು ಕ್ಯಾಮೆರಾ. ಆದರೆ ಗಿಡಮರಗಳಿಲ್ಲದ ಬಯಲಿನಲ್ಲಿ ಎಲ್ಲಿ ಅಡಗಿ ಕೂರಬೇಕು ಎಂಬ ಅಜ್ಜನ ಪ್ರಶ್ನೆ ಹಾಗೇ ಉಳಿಯಿತು.

ಕೊಪ್ಪಳದ ಕಡೆ ಒಂದು ಹೊಂಡಕ್ಕೆ ಬೆಳಗಿನ ಹೊತ್ತು ಸ್ಯಾಂಡ್‌ಗ್ರೌಸ್ ಹಕ್ಕಿಗಳು ನೀರಿಗೆ ಬರುತ್ತವೆ. ಪಾರಿವಾಳದ ಗಾತ್ರ, ಮಣ್ಣಿನ ಬಣ್ಣ, ಕಂದು ಹೊಟ್ಟೆ. ಒಣ ಬೀಜ ತಿಂದು ಬದುಕುವ ಇವಕ್ಕೆ ನೀರು ಬೇಕೇ ಬೇಕು. ಸೂರ್ಯ ಹುಟ್ಟಿ ಒಂದೆರಡು ತಾಸಾದ ಮೇಲೆ ಗುಂಪಾಗಿ ಬಂದು, ಕೆಲವು ಗುಟುಕು ಕುಡಿದು ಹಾರಿಬಿಡುತ್ತವೆ. ಆ ಅರೆ ನಿಮಿಷಕ್ಕಾಗಿ ನಾನು ಮೂರು ಬೇಸಿಗೆ ಮರೆ ಕಟ್ಟಿದ್ದೇನೆ.

ಮೊದಲನೆಯದು ಕೊಂಡು ತಂದ ಹಸಿರು ಗುಡಾರ, ಮೇಲೆ ಎಲೆಗಳ ಚಿತ್ತಾರ. ಮಾರ್ಚ್ ತಿಂಗಳ ಕೊಪ್ಪಳದಲ್ಲಿ ಹಸಿರೆಲ್ಲಿದೆ? ಒಣಹುಲ್ಲು, ಕಲ್ಲು, ಕೂಳೆ. ಅರ್ಧ ಕಿಲೋಮೀಟರ್ ಆಚೆಯಿಂದ ಅದೊಂದೇ ಎದ್ದು ಕಾಣುತ್ತಿತ್ತು. ಎರಡನೆಯದನ್ನು ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ ನಾಲ್ಕು ಅಡಿಯ ಚೌಕವಾಗಿ ಮಾಡಿ, ಸುತ್ತ ಶೇಡ್ ನೆಟ್ ಹೊದಿಸಿದೆ. ಬಣ್ಣ ಹೊಂದಿತು, ಆಕಾರ ಹೊಂದಲಿಲ್ಲ. ಬಯಲಿನಲ್ಲಿ ನೆಟ್ಟಗೆ ನಿಂತ ಮೂಲೆಗಳು ಎಲ್ಲೂ ಇಲ್ಲ. ಗಾಳಿಗೆ ನೆಟ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಲ್ಲೇ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿ, "ಹಕ್ಕಿ ಬಣ್ಣಕ್ಕ ಅಷ್ಟು ಅಂಜಂಗಿಲ್ರಿ, ಅಲುಗಾಡಿದ್ರ ಅಂಜ್ತಾವ. ನಾ ಕಂಬಳಿ ಹೊತ್ತು ಕೂತ್ರ ಮಗ್ಗಲದಾಗs ಬಂದು ಮೇಯ್ತಾವ" ಅಂದರು.

ಮೂರನೆಯದನ್ನು ಅವರ ಮಾತು ಹಿಡಿದೇ ಕಟ್ಟಿದೆ. ಬಿದಿರಿನ ಮೂರು ದಬ್ಬೆಗಳನ್ನು ಕಮಾನಾಗಿ ಬಗ್ಗಿಸಿ, ಮೇಲೆ ಹೊಲಿದ ಗೋಣಿತಟ್ಟು. ಅದರ ಮೇಲೆ ಹಳೆಯ ಮೀನುಬಲೆ. ಬಲೆಯ ಕಣ್ಣುಗಳಿಗೆ ಅಲ್ಲೇ ಸಿಗುವ ಒಣಹುಲ್ಲು, ಜೋಳದ ಕಣಿಕೆ ಸಿಕ್ಕಿಸುವುದು. ಎತ್ತರ ಮೂರೇ ಅಡಿ, ಉದ್ದ ಆರು. ದೂರಕ್ಕೆ ಮಣ್ಣಿನ ದಿಬ್ಬದಂತೆ. ಬಿಚ್ಚಿದರೆ ಚಾಪೆಯಂತೆ ಸುತ್ತಿ ಬೈಕಿನ ಹಿಂದೆ ಕಟ್ಟಬಹುದು. ಕಲ್ಲುನೆಲದಲ್ಲಿ ಗೂಟ ಇಳಿಯುವುದಿಲ್ಲ. ಖಾಲಿ ಚೀಲಗಳನ್ನು ಒಯ್ದು ಅಲ್ಲಿಯ ಕಲ್ಲನ್ನೇ ತುಂಬಿ ಅಂಚಿಗೆ ಭಾರ ಇಡುತ್ತೇನೆ. ಹುಲ್ಲು ಪ್ರತಿ ಸಲವೂ ಆ ಜಾಗದ್ದೇ ಆಗಬೇಕು. ಗದಗಿನ ಹೊಲದ ಹುಲ್ಲು ಕೊಪ್ಪಳದ ಕೆಂಪು ನೆಲದಲ್ಲಿ ಬೇರೆಯಾಗಿಯೇ ಕಾಣುತ್ತದೆ.

ಎರಡು ತಪ್ಪುಗಳು ತಡವಾಗಿ ತಿಳಿದವು. ಗೋಣಿಯನ್ನು ಸೋಪಿನ ಪುಡಿಯಲ್ಲಿ ಒಗೆದಿದ್ದೆ. ಬಟ್ಟೆ ಬೆಳ್ಳಗೆ ಕಾಣಲೆಂದು ಅದರಲ್ಲಿ ಸೇರಿಸುವ ರಾಸಾಯನಿಕ ಅತಿನೇರಳೆ ಕಿರಣ ಬಿದ್ದರೆ ಹೊಳೆಯುತ್ತದೆ. ನಮಗೆ ಕಾಣದ ಆ ಕಿರಣಗಳು ಬಹಳಷ್ಟು ಹಕ್ಕಿಗಳಿಗೆ ಕಾಣುತ್ತವೆ. ಈಗ ಬರೀ ನೀರಲ್ಲಿ ಜಾಲಾಡಿ, ಕೆಸರು ಬಳಿದು ಒಣಗಿಸುತ್ತೇನೆ. ಇನ್ನೊಂದು, ಬೆನ್ನ ಹಿಂದಿನ ಬೆಳಕು. ಹಿಂಬದಿ ತೆರೆದಿದ್ದರೆ ಗೋಣಿಯೊಳಗೆ ಕೂತವನು ತೊಗಲುಗೊಂಬೆಯೇ. ಕೈ ಎತ್ತಿದರೂ ಹೊರಗೆ ತಿಳಿಯುತ್ತದೆ. ಒಳಗೆ ಕಪ್ಪು ಬಟ್ಟೆ ಹೊಲಿಸಿದ ಮೇಲೆಯೇ ಆ ತೊಂದರೆ ನಿಂತದ್ದು.

ಇಷ್ಟೆಲ್ಲ ಸರಿಮಾಡಿಕೊಂಡು ಹೋದ ದಿನವೇ ನಾನು ಮರೆಯಲಾರದ ತಪ್ಪು ಮಾಡಿದೆ. ಹಿಂದಿನ ಸಂಜೆ ಹೊಂಡದ ದಂಡೆಯಿಂದ ಹನ್ನೆರಡೇ ಅಡಿಯಲ್ಲಿ ಮರೆ ಹೂಡಿ, ನಸುಕಿಗೆ ಒಳಹೊಕ್ಕೆ. ಎಂಟೂವರೆಗೆ ಮೇಲೆ ಕೂಗು ಕೇಳಿತು. ಇಪ್ಪತ್ತರಷ್ಟು ಹಕ್ಕಿಗಳು ಒಂದು ಸುತ್ತು ಹಾಕಿದವು, ಇಳಿಯಲಿಲ್ಲ. ಇನ್ನೊಂದು ಸುತ್ತು. ಆಮೇಲೆ ದೂರದ ಬೀಳುಹೊಲದಲ್ಲಿ ಇಳಿದು, ನೀರಿನತ್ತ ಮುಖಮಾಡಿ ಕೂತವು. ಈಗ ಬರಬಹುದು, ಇನ್ನೇನು ಬಂದವು ಎಂದು ನಾನು ಹನ್ನೊಂದರವರೆಗೆ ಅಲ್ಲಾಡದೆ ಕೂತೆ. ಬಿಸಿಲು ಏರಿತು. ಅವು ಎದ್ದು, ಕುಡಿಯದೆ ಹೋದವು.

ಹೊರಗೆ ಬಂದಾಗ ಕುರಿಗಾಹಿ ಹಿರಿಯರು ದಿಬ್ಬದ ಮೇಲಿದ್ದರು. "ಈ ಕಡೆ ಇರೋದು ಇದೊಂದs ಹೊಂಡ. ನೀವು ಕೂತ್ರ ಅವು ಎಲ್ಲಿ ಕುಡೀಬೇಕ್ರಿ?" ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ, ನಿಜವಾಗಿಯೂ ಕೇಳುತ್ತಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಬೇಸಿಗೆ ಈ ಹಕ್ಕಿಗಳು ಬರಿನೆಲದಲ್ಲಿ ಮರಿಮಾಡುವ ಕಾಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿಗಳು ಓಡಾಡಿ ತಾವೇ ಬೀಜ ಹೆಕ್ಕುತ್ತವೆ, ಆದರೆ ನೀರಿಗೆ ಹಾರಲಾರವು. ಗಂಡು ತನ್ನ ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿ ಹೊತ್ತೊಯ್ಯುತ್ತದೆ, ಮರಿಗಳು ಆ ಗರಿಗಳನ್ನು ಚೀಪುತ್ತವೆ. ಇದೆಲ್ಲ ನಾನು ಓದಿ ತಿಳಿದಿದ್ದೆ. ತಿಳಿದೂ ಎರಡೂವರೆ ತಾಸು ಕೂತಿದ್ದೆ.

ಅಂದಿನಿಂದ ಕಟ್ಟುವುದಕ್ಕಿಂತ ಕಾಯುವುದಕ್ಕೆ ಹೆಚ್ಚು ದಿನ ಕೊಡುತ್ತೇನೆ. ಹೊಲದವರನ್ನು ಕೇಳಿ, ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಪಡೆದು, ಖಾಲಿ ಮರೆಯನ್ನು ನೀರಿನಿಂದ ನೂರು ಅಡಿ ದೂರದಲ್ಲಿ ಬಿಟ್ಟು ಬರುತ್ತೇನೆ. ಹಕ್ಕಿಗಳು ಅದನ್ನು ಲೆಕ್ಕಿಸದೆ ಕುಡಿಯುವುದನ್ನು ದಿಬ್ಬದಿಂದ ದುರ್ಬೀನಿನಲ್ಲಿ ಕಂಡರಷ್ಟೇ ಹತ್ತು ಅಡಿ ಮುಂದೆ ಸರಿಸುವುದು. ನಲವತ್ತು ಅಡಿಗಿಂತ ಹತ್ತಿರ ಇಲ್ಲ. ಹಾರಿಬರುವ ದಿಕ್ಕಿಗೆ ಅಡ್ಡವಾಗಿ ಇಲ್ಲ. ಒಳಗೆ ಹೋಗುವುದು ಕತ್ತಲಿರುವಾಗ, ಹೊರಬರುವುದು ಕೊನೆಯ ಗುಂಪು ಹೋದ ಮೇಲೆ. ಆದರೆ ಹಕ್ಕಿಗಳು ಸುತ್ತು ಹಾಕಿ ಇಳಿಯದಿದ್ದರೆ ಎದ್ದು ದೂರ ನಡೆದುಬಿಡುತ್ತೇನೆ. ನಡೆದುಹೋಗುವ ಮನುಷ್ಯನನ್ನು ಕಂಡರೆ ಜಾಗ ಖಾಲಿಯಾಯಿತೆಂದು ಅವಕ್ಕೆ ತಿಳಿಯುತ್ತದೆ. ಗೂಡಿನ ಬಳಿಯಂತೂ ಮರೆ ಹೂಡುವುದೇ ಇಲ್ಲ, ಯಾರು ಕರೆದರೂ.

ಕಳೆದ ಬೇಸಿಗೆ, ಮರೆ ಇಟ್ಟ ಹದಿನಾರನೆಯ ದಿನ, ಗುಂಪು ಒಂದೇ ಸಲಕ್ಕೆ ಇಳಿಯಿತು. ಉಳಿದವು ಕುಡಿದು ಎದ್ದರೂ ಒಂದು ಗಂಡು ಉಳಿಯಿತು. ನೀರಿಗಿಳಿದು ಹೊಟ್ಟೆ ಮುಳುಗಿಸಿ, ತೊಟ್ಟಿಲು ತೂಗಿದಂತೆ ಮೈಯನ್ನು ಹಿಂದೆ ಮುಂದೆ ಆಡಿಸಿತು. ಕೆಲವು ನಿಮಿಷ ಹಾಗೇ. ಆಮೇಲೆ ಭಾರವಾಗಿ ಎದ್ದು ಬೀಳುಹೊಲಗಳ ಕಡೆ ಹಾರಿತು.

ಅದೇ ದಿನ ಮರೆ ಬಿಚ್ಚಿದೆ. ಚೀಲದ ಕಲ್ಲು ಸುರಿದು, ಬಲೆಯಿಂದ ಕಣಿಕೆ ಕಿತ್ತು ರಾಶಿ ಹಾಕುವಾಗ ಹಿರಿಯರು ಕುರಿಗಳನ್ನು ನೀರಿಗೆ ಹೊಡೆದುಕೊಂಡು ಬಂದರು. "ಇವತ್ತು ಕುಡಿದ್ವೇನ್ರಿ?" ಎಂದು ಕೇಳಿದರು. ಕುಡಿದವು ಅಂದೆ. ಕಣಿಕೆಯನ್ನು ಬಾಚಿ ಕುರಿಮರಿಗಳ ಮುಂದೆ ಹಾಕಿದರು.